ಹೇಮಪ್ಪನ ಎತ್ತಿಗೆ ಹಾಕಿದ ಮೇವು

ಕಳಸಾಪುರದ ರಹಮಾನಸಾಬನಿಗೆ ಇದ್ದದ್ದು ಒಂದೇ ಎತ್ತು. ಹಿಂದಿನ ಓಣಿಯ ಹೇಮಪ್ಪನಿಗೂ ಒಂದೇ. ಎರಡನ್ನೂ ಒಂದೇ ನೊಗಕ್ಕೆ ಹೂಡಿ ಇಬ್ಬರೂ ಹೊಲ ಮಾಡುತ್ತಿದ್ದರು. ಯಾರ ಹೊಲದಲ್ಲಿ ಕೆಲಸವೋ ಅವರ ಕೊಟ್ಟಿಗೆಯಲ್ಲೇ ಜೋಡಿಯ ವಾಸ, ಮೇವೂ ಅವರದೇ. ಹೇಮಪ್ಪನ ಎತ್ತು ಬಂತೆಂದರೆ ರಹಮಾನಸಾಬ ಅದರ ಮೈ ತಿಕ್ಕುವುದೇನು, ಹುಲ್ಲು ಆರಿಸಿ ಹಾಕುವುದೇನು!

"ಬೀಗರು ಬಂದ್ರೂ ಇಷ್ಟ ಮಾಡೂದಿಲ್ಲ ನೀವು," ಎಂದು ಹೆಂಡತಿ ಅಮೀನಬಿ ನಗುತ್ತಿದ್ದಳು.

"ಮಂದಿ ಎತ್ತು. ಸೊರಗಿದ್ರ ನಮ್ಮ ಮಾನ ಉಳೀತೈತೇನು?"

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಶ್ರಾವಣದ ಮಳೆ ಕೈಕೊಟ್ಟಿತು. ಹೊಲದ ಪೈರು ಮುರುಟಿದರೂ ರಹಮಾನಸಾಬನ ಹಿತ್ತಲಿನ ಹಳೆಯ ತಿಪ್ಪೆಗುಂಡಿಯಲ್ಲಿ ಬಿತ್ತಿದ ಜೋಳ ಮಾತ್ರ ಕಡುಹಸಿರಾಗಿ ನಿಂತಿತ್ತು. ಎಳೆಜೋಳ ದನಕ್ಕೆ ವಿಷವೆಂದು ಅವನಿಗೂ ಗೊತ್ತು. ಇದು ಆಳೆತ್ತರ ಬೆಳೆದದ್ದು, ಏನೂ ಆಗದು ಎಂದುಕೊಂಡ. ಹಿಂಗಾರಿಗೆ ಹೊಲ ಹರಗಿ ಬಂದ ಒಂದು ಮಧ್ಯಾಹ್ನ ಅದನ್ನು ಕೊಯ್ದು, ಹೇಮಪ್ಪನ ಹಸಿದ ಎತ್ತಿನ ಮುಂದೆ ಹಾಕಿದ. ತನ್ನ ಎತ್ತಿಗೆ ಕಣಕಿ, ಹಳೆಯ ಜೋಳದ ಒಣ ದಂಟು.

ಸ್ವಲ್ಪ ಹೊತ್ತಿಗೆ ಹೇಮಪ್ಪನ ಎತ್ತು ಏದುಸಿರು ಬಿಡುತ್ತ, ನಡುಗುತ್ತ ಕುಸಿದು ಬಿತ್ತು. ದೇವರ ದಯೆ, ಅಂದು ದನದ ಡಾಕ್ಟರು ಸೂಜಿ ಹಾಕಲು ಊರಿಗೇ ಬಂದಿದ್ದರು. ರಹಮಾನಸಾಬ ಬರಿಗಾಲಲ್ಲಿ ಓಡಿ ಕರೆತಂದ. ಅಷ್ಟರಲ್ಲಿ ಹೇಮಪ್ಪನೂ ಓಣಿಯವರೂ ನೆರೆದಿದ್ದರು. ಡಾಕ್ಟರು ಕಿವಿಗೆ ಚುಚ್ಚಿ ನೋಡಿದರೆ ರಕ್ತ ಕಾಕಂಬಿಯಂತೆ ಕಂದು.

"ಏನ್ ಹಾಕಿದ್ದಿ?"

"ತಿಪ್ಪಿಗುಂಡಿ ಜ್ವಾಳಾ ರೀ."

"ಆ ಎತ್ತಿಗೆ?"

ರಹಮಾನಸಾಬ ತನ್ನ ಎತ್ತಿನ ಕಡೆ ತಿರುಗಿದ. "ಅದಕ್ಕ... ಕಣಕಿ ರೀ."

ನೆರೆದವರು ಮುಖ ಮುಖ ನೋಡಿಕೊಂಡರು. ಹೇಮಪ್ಪನೂ ಒಮ್ಮೆ ಅವನನ್ನು ದಿಟ್ಟಿಸಿದ. ಎತ್ತು ಸತ್ತರೆ ಹೊಸದು ಕೊಡಿಸಬಹುದಿತ್ತೇನೋ, ಆ ನೋಟವನ್ನು ತೊಳೆಯುವುದು ಹೇಗೆ?

ಡಾಕ್ಟರು ಕೊರಳ ನರಕ್ಕೆ ನೀಲಿ ಔಷಧಿ ಏರಿಸುತ್ತಲೇ ಬಿಡಿಸಿ ಹೇಳಿದರು: "ಬರೇ ಗೊಬ್ಬರದಾಗ ಬೆಳೆದು ಮಳಿ ಕಾಣದ ಜ್ವಾಳದ ದಂಟಿನಾಗ ನೈಟ್ರೇಟ್ ತುಂಬಿರತೈತಿ. ದನದ ಹೊಟ್ಟ್ಯಾಗ ಅದು ನೈಟ್ರೈಟ್ ಆಗಿ ರಕ್ತಕ್ಕ ಸೇರತೈತಿ, ಉಸುರು ಕಟ್ಟತೈತಿ. ಇಂವಾ ಬೇಕಂತ ಮಾಡಿದ್ದಲ್ಲ. ಇನ್ನ ಮ್ಯಾಲೆ ಇಂಥಾ ಮೇವು ಹಸಿದ ದನಕ್ಕ ಹಾಕಬ್ಯಾಡ್ರಿ."

"ಹಂಗಾರ ನಿನ್ನ ಎತ್ತಿಗ್ಯಾಕ ಹಾಕಲಿಲ್ಲ ಲೇ?" ಎಂದ ಹೇಮಪ್ಪ.

ಬಾಗಿಲಲ್ಲಿದ್ದ ಅಮೀನಬಿ ಹೇಳಿದಳು: "ಛಲೋದು ನಿಮ್ಮೆತ್ತಿಗೇ ಇರ್ಲಿ ಅಂತ, ಅಣ್ಣಾ. ಯಾವಾಗ್ಲೂ ನಿಮ್ಮೆತ್ತು ಬಂತಂದ್ರ ಬೀಗರು ಬಂದಂಗ ಮಾಡ್ತಾರ."

ಸಂಜೆಗೆ ಎತ್ತು ಎದ್ದು ನಿಂತಿತು. ರಹಮಾನಸಾಬ ಡಾಕ್ಟರ ಎರಡೂ ಕೈ ಹಿಡಿದು ಮಗುವಿನಂತೆ ಅತ್ತ. ಹೇಮಪ್ಪ ಎತ್ತು ಹೊಡೆದುಕೊಂಡು ಮನೆಗೆ ಹೋದ.

ಮಳೆ ಬಂತು, ಬಿತ್ತುವ ಹದವೂ ಬಂತು. ಎತ್ತು ಕೇಳಲು ರಹಮಾನಸಾಬನಿಗೆ ಮುಖವಿರಲಿಲ್ಲ. ಒಂಟಿ ಎತ್ತಿನ ಮುಂದೆ ಸುಮ್ಮನೆ ಕುಳಿತಿದ್ದಾಗ ಹೊರಗೆ ಗೆಜ್ಜೆಯ ಸದ್ದಾಯಿತು.

"ಬೀಗರು ಬಂದಾರ, ಒಳಗ ಕರಕೋ," ಎಂದು ಹೇಮಪ್ಪ ಹಗ್ಗವನ್ನು ಅವನ ಕೈಗೆ ಕೊಟ್ಟ.

ರಹಮಾನಸಾಬನ ಕಣ್ಣು ತುಂಬಿದವು. ಓಡಿ ಹೋಗಿ ಕಣಕಿ ತಂದು, ಹೇಮಪ್ಪ ನೋಡಲೆಂದು ಎತ್ತಿ ಹಿಡಿದ. ಹೇಮಪ್ಪ ಅಷ್ಟರಲ್ಲಿ ಓಣಿಯ ತಿರುವಿಗೆ ಹೋಗಿದ್ದ. ಎತ್ತಿಗೆ ಏನು ಹಾಕುತ್ತಾನೆಂದು ಹಿಂತಿರುಗಿ ನೋಡಿರಲೇ ಇಲ್ಲ.