ಸೊಣ್ಣಪ್ಪನವರು ಅರ್ಧಕ್ಕೆ ನಿಲ್ಲಿಸಿದ ಹಾಡು

ಚಾಮರಾಜಪೇಟೆಯಲ್ಲಿ ರೆಕಾರ್ಡಿಂಗ್ ಅಂಗಡಿ ಇಟ್ಟಿದ್ದ ಸೊಣ್ಣಪ್ಪನವರಿಗೆ ಖಾಲಿ ಟೇಪು ಕಂಡರೆ ಆಗುತ್ತಿರಲಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಮೂವತ್ತು ನಿಮಿಷ. ಗಿರಾಕಿ ಬರೆದುಕೊಟ್ಟ ಹಾಡುಗಳೆಲ್ಲ ಇಪ್ಪತ್ತೆಂಟಕ್ಕೆ ಮುಗಿದರೆ ಉಳಿದ ಎರಡು ನಿಮಿಷ ಟೇಪು ಬರೀ ‘ಸುಯ್’ ಎನ್ನುತ್ತ ಓಡುತ್ತದೆ. ಬೇರೆ ಅಂಗಡಿಯವರು ಹಾಗೆಯೇ ಬಿಡುತ್ತಿದ್ದರು. ಇವರು ಬಿಡುತ್ತಿರಲಿಲ್ಲ. ಎರಡು ನಿಮಿಷದ ನಾಗಸ್ವರ, ಒಂದೂವರೆ ನಿಮಿಷದ ಕೊಳಲು, ಮುಕ್ಕಾಲು ನಿಮಿಷದ ವೀಣೆ, ಹೀಗೆ ತುಂಡುಗಳನ್ನು ಅಳೆದು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಜೋಡಿಸಿಟ್ಟುಕೊಂಡಿದ್ದರು. ಉಳಿದ ಜಾಗಕ್ಕೆ ಯಾವುದು ಸರಿಹೋಗುತ್ತದೋ ಅದನ್ನು ತುಂಬಿ ಕೊಡುತ್ತಿದ್ದರು. ಇದನ್ನು ಯಾರೂ ಕೇಳಿದ್ದಲ್ಲ, ಇದಕ್ಕೆ ಬೇರೆ ದುಡ್ಡೂ ಇರಲಿಲ್ಲ.

ಅವರ ತಂದೆ ಬಿನ್ನಿಪೇಟೆಯ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದವರು. ಸೊಣ್ಣಪ್ಪನವರು ಮೊದಲು ರೇಡಿಯೊ ರಿಪೇರಿ ಕಲಿತು, ಮದುವೆಯಾದ ವರ್ಷ ಈ ಅಂಗಡಿ ತೆರೆದರು. ಹತ್ತಡಿ ಅಗಲ, ಗಾಜಿನ ಬಾಗಿಲು, ಒಳಗೆ ಒಂದು ರೆಕಾರ್ಡ್ ಪ್ಲೇಯರು, ಮೂರು ಕ್ಯಾಸೆಟ್ ಡೆಕ್ಕು. ಕ್ಯಾಸೆಟ್ಟಿನ ಮೇಲೆ ಹಾಡುಗಳ ಹೆಸರನ್ನು ಅವರೇ ದುಂಡಗೆ ಬರೆಯುತ್ತಿದ್ದರು. ತುಂಬಿಸಿದ ತುಂಡಿನ ಹೆಸರು ಮಾತ್ರ ಬರೆಯುತ್ತಿರಲಿಲ್ಲ.

ತೊಂಬತ್ತೊಂದರ ಬೇಸಿಗೆಯಲ್ಲಿ ಬ್ಯಾಂಕಿನ ಅಧಿಕಾರಿಯೊಬ್ಬರು ತರಬೇತಿಗೆಂದು ನಾರ್ವೆಗೆ ಹೋಗಿಬಂದು ಒಂದು ರೆಕಾರ್ಡು ತಂದುಕೊಟ್ಟರು. ಕ್ಯಾಸೆಟ್ಟಿಗೆ ಇಳಿಸಿಕೊಡಬೇಕು, ಸಂಜೆಗೆ ಬೇಕು, ಮರುದಿನ ಅವರು ವರ್ಗವಾಗಿ ಕಲ್ಕತ್ತೆಗೆ ಹೊರಟಿದ್ದರು. ಹೊದಿಕೆಯ ಮೇಲೆ ಗಿಟಾರು ಹಿಡಿದ ಹೆಂಗಸು, ಹೆಸರು ಸಿಗ್ನೆ ಹಾಮ್ನೆಸ್. ಸೊಣ್ಣಪ್ಪನವರು ಮೊದಲ ಹಾಡು ಹಾಕಿದರು. ಡ್ರಮ್ಮು, ಗಿಟಾರು, ಅದರ ಮೇಲೆ ಯಾರನ್ನೋ ಗದರಿಸುವ ಹಾಗಿದ್ದೂ ಮುದ್ದು ಬರಿಸುವ ದನಿ. ಭಾಷೆ ಒಂದಕ್ಷರ ತಿಳಿಯದಿದ್ದರೂ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತ ನಿಂತರು. ಒಂದು ನಿಮಿಷ ಐವತ್ತು ಸೆಕೆಂಡಿಗೆ, ಸಾಲಿನ ನಡುವೆ, ಕರೆಂಟು ಹೋಯಿತು. ಸಂಜೆಯವರೆಗೂ ಬರಲಿಲ್ಲ. ಅಧಿಕಾರಿ ಬಂದು, ಪರವಾಗಿಲ್ಲ ಬಿಡಿ ಎಂದು ರೆಕಾರ್ಡು ತೆಗೆದುಕೊಂಡು ಹೋದರು. ತುಂಡು ಹಾಡು ಇವರ ಬಳಿ ಉಳಿಯಿತು. ಅಳಿಸಲು ಮನಸ್ಸು ಬರಲಿಲ್ಲ. ‘೧-೫೦’ ಎಂದು ಚೀಟಿ ಅಂಟಿಸಿ ಡಬ್ಬಿಗೆ ಹಾಕಿದರು.

ಆರು ತಿಂಗಳ ನಂತರ ಎನ್.ಆರ್. ಕಾಲೋನಿಯ ಮಹಿಳಾ ಭಜನಾ ಮಂಡಳಿಯವರು ತಾವೇ ಹಾಡಿದ ದೇವರನಾಮಗಳನ್ನು ತಂದರು. ಮಂಡಳಿಯ ಮುಖ್ಯಸ್ಥೆ, ನಿವೃತ್ತ ಶಾಲಾ ಮೇಡಂ ಅಂಬುಜಮ್ಮನವರ ಮನೆಯಲ್ಲಿ ಮದುವೆ. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿ, ಎಲೆ ಅಡಿಕೆಯ ಜೊತೆಗೆ ಬಂದವರಿಗೆಲ್ಲ ಒಂದೊಂದು ಕ್ಯಾಸೆಟ್ ಕೊಡುವ ಯೋಚನೆ. ಮುನ್ನೂರು ಪ್ರತಿ ಬೇಕಿತ್ತು. ಮೊದಲ ಮಗ್ಗುಲಲ್ಲಿ ಮಂಗಳಾರತಿಯ ಹಾಡು ಮುಗಿದ ಮೇಲೆ ಸರಿಯಾಗಿ ಒಂದು ನಿಮಿಷ ಐವತ್ತು ಸೆಕೆಂಡು ಖಾಲಿ ಉಳಿಯಿತು. ಆ ಅಳತೆಯದು ಡಬ್ಬಿಯಲ್ಲಿ ಒಂದೇ ಇತ್ತು.

ಮದುವೆಯಾಗಿ ಹದಿನೈದು ದಿನಕ್ಕೆ ಅಂಬುಜಮ್ಮನವರು ಕೊಡೆ ಹಿಡಿದು ಅಂಗಡಿಗೆ ಬಂದರು.

“ಸೊಣ್ಣಪ್ಪನವರೇ, ಮಂಗಳಾರತಿ ಆದ್ಮೇಲೆ ಡ್ರಮ್ಮು ಬಾರಿಸ್ಕೊಂಡು ಬರ್ತಾಳಲ್ಲ, ಯಾರ್ರೀ ಅವಳು?”

“ಜಾಗ ಇತ್ತಮ್ಮ. ಖಾಲಿ ಬಿಡಬಾರ್ದು ಅಂತ... ತಪ್ಪಾಯ್ತು, ತೆಗೆದು ನಾಗಸ್ವರ ಹಾಕ್ಕೊಡ್ತೀನಿ.”

“ನಾನು ತೆಗೀರಿ ಅಂದ್ನಾ? ನಮ್ಮ ಮೊಮ್ಮಗಳು ಧೃತಿ ತುತ್ತು ಬಾಯಿಗಿಡಬೇಕಾದ್ರೆ ಅವಳೇ ಹಾಡ್ಬೇಕು ಈಗ. ಅದಿರ್ಲಿ, ಹಾಡು ಅಷ್ಟೇನಾ? ಬಾಯಿ ಮುಚ್ಚಿದ ಹಾಗೆ ನಿಂತುಹೋಗತ್ತಲ್ಲ?”

ಅಂಬುಜಮ್ಮನವರ ಮುಂದೆ, ನನ್ನ ಕೆಲಸ ಅರ್ಧಕ್ಕೆ ನಿಂತಿತು ಎಂದು ಹೇಳುವುದು ಸೊಣ್ಣಪ್ಪನವರಿಗೆ ಆಗಲಿಲ್ಲ. “ಅಷ್ಟೇ ಅಮ್ಮ. ಅವರ ಕಡೆ ಹಾಡು ಹಾಗೇ ನಿಲ್ಸೋದು” ಎಂದುಬಿಟ್ಟರು.

ಆಮೇಲೆ ಅದು ಅವರ ಕೈಮೀರಿ ಬೆಳೆಯಿತು. ಬೇರೆ ಮದುವೆಯವರು ಬಂದರು, ಉಪನಯನದವರು ಬಂದರು, ಎಲ್ಲರಿಗೂ ಮಂಡಳಿಯ ಕ್ಯಾಸೆಟ್ಟೇ ಬೇಕು. ಬಸವನಗುಡಿಯಿಂದ ಮಲ್ಲೇಶ್ವರದ ನೆಂಟರ ಮನೆಗೆ, ಅಲ್ಲಿಂದ ತುಮಕೂರು, ಮೈಸೂರಿಗೆ ಹೋಯಿತು. ಬೆಳಗ್ಗೆ ಪೂಜೆಗೆ ಕ್ಯಾಸೆಟ್ ಹಾಕಿದರೆ ಕೊನೆಯಲ್ಲಿ ಆಕೆ ಬರುತ್ತಿದ್ದಳು. ಆಕೆ ಬಂದಳೆಂದರೆ ಕುಕ್ಕರ್ ಇಳಿಸುವ ಹೊತ್ತು, ಮಕ್ಕಳು ಷೂ ಹಾಕಿಕೊಳ್ಳುವ ಹೊತ್ತು. ಹಾಡು ನಿಂತೊಡನೆ ಟೇಪು ಮುಗಿದು ಟೇಪ್ ರೆಕಾರ್ಡರಿನ ಗುಂಡಿ ‘ಟಕ್’ ಎಂದು ಮೇಲೇಳುತ್ತಿತ್ತು. ಮಕ್ಕಳು ಅರ್ಥವಾಗದ ಪದಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಕೊನೆಗೆ ನಾಲಗೆಯಿಂದ ‘ಟಕ್’ ಎನ್ನುವುದನ್ನೂ ಹಾಡಿನ ಭಾಗವೆಂದೇ ಕಲಿತರು. ಮದುವೆಯ ಬ್ಯಾಂಡಿನವರು ಅದನ್ನು ಕ್ಲಾರಿಯೊನೆಟ್ಟಿನಲ್ಲಿ ನುಡಿಸತೊಡಗಿದರು.

ಎರಡು ಸಾವಿರದ ಮೂರರಲ್ಲಿ ನಾರ್ವೆಯ ಪ್ರವಾಸಿಯೊಬ್ಬ ಚಾಮರಾಜಪೇಟೆಯ ಛತ್ರದ ಮುಂದೆ ಆ ಬ್ಯಾಂಡು ಕೇಳಿ ನಿಂತುಬಿಟ್ಟನಂತೆ. ಅವನು ತನ್ನೂರಿನ ಪತ್ರಿಕೆಗೆ ಬರೆದ. ಸಿಗ್ನೆ ಹಾಮ್ನೆಸ್ ಎಂಬ ಪಾಪ್ ಗಾಯಕಿಯನ್ನು ಆಕೆಯ ದೇಶವೇ ಮರೆತಿತ್ತು. ಎರಡು ರೆಕಾರ್ಡು ಮಾಡಿ, ಎರಡೂ ಓಡದೆ, ಸಣ್ಣ ಊರೊಂದರ ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದರು. ಸುದ್ದಿ ಇಲ್ಲಿಗೂ ಬಂತು. ಮನೋಹರ್ ಎಂಬ ಸಂಘಟಕರು ಆಕೆಯನ್ನು ಕರೆಸಿ ಮಲ್ಲೇಶ್ವರದ ಸಭಾಂಗಣದಲ್ಲಿ ಕಾರ್ಯಕ್ರಮ ಇಟ್ಟರು. ಪತ್ರಿಕೆಗಳಲ್ಲಿ ಪಂಡಿತರು ಕಾರಣ ಹುಡುಕಿದರು. ಒಬ್ಬರಿಗೆ ಹಾಡಿನಲ್ಲಿ ಮೋಹನ ರಾಗದ ಛಾಯೆ ಕಂಡಿತು. ಇನ್ನೊಬ್ಬರು ಉತ್ತರದ ಕಡಲಿಗೂ ದಕ್ಷಿಣದ ಭಕ್ತಿಗೂ ಇರುವ ನಂಟಿನ ಬಗ್ಗೆ ಬರೆದರು. ಹಾಡು ಥಟ್ಟನೆ ನಿಲ್ಲುವುದರಲ್ಲಿ ವೈರಾಗ್ಯವಿದೆ ಎಂದು ಮತ್ತೊಬ್ಬರು.

ಸೊಣ್ಣಪ್ಪನವರು ಇದನ್ನೆಲ್ಲ ಓದಿ ಊಟ ಬಿಟ್ಟರು. ಹೆಂಡತಿ ಗಂಗರತ್ನಮ್ಮನಿಗೆ ಮಾತ್ರ ವಿಷಯ ಗೊತ್ತಿತ್ತು.

“ಆಕೆ ಪೂರ್ತಿ ಹಾಡ್ತಾಳೆ ಕಣೆ. ಇವರಿಗೆ ಅರ್ಧವೇ ಗೊತ್ತಿರೋದು. ತುಂಬಿದ ಸಭೇಲಿ ಆಯಮ್ಮನ ಮರ್ಯಾದೆ ಏನಾಗ್ಬೇಕು?”

“ನಿಮ್ಮ ಮರ್ಯಾದೆ ಏನಾಗತ್ತೆ ಅಂತ ತಾನೇ ನಿಮ್ಗೆ ಯೋಚ್ನೆ?”

“ಅದೂ ಇದೆ.”

“ಹಂಗಿದ್ರೆ ಮೊದ್ಲೇ ಹೋಗಿ ಹೇಳ್ರೀ. ಅಂಬುಜಮ್ಮ ಬೈದ್ರೆ ಬೈಸ್ಕೊಳ್ಳಿ.”

ಅಂಬುಜಮ್ಮನವರ ಬಳಿ ಹೋಗುವ ಧೈರ್ಯ ಬರಲಿಲ್ಲ. ಮನೋಹರ್ ಅವರ ಕಚೇರಿಗೆ ಎರಡು ಸಲ ಹೋದರು. ಮೊದಲ ಸಲ ಅವರು ಸಿಗಲಿಲ್ಲ. ಎರಡನೆಯ ಸಲ ಫೋನು ಕಿವಿಗೆ ಹಿಡಿದುಕೊಂಡೇ, “ಪಾಸ್ ಎಲ್ಲಾ ಖಾಲಿ ಯಜಮಾನ್ರೇ” ಎಂದರು. ಪಾಸು ಬೇಡ, ಹಾಡು ಇನ್ನೂ ಉದ್ದ ಇದೆ ಎಂದು ಇವರು ಹೇಳಿದ್ದಕ್ಕೆ, “ಒಂದೂವರೆ ಗಂಟೆ ಪ್ರೋಗ್ರಾಮ್, ಎಲ್ಲಾ ಟೈಮಿಂಗ್ ನೋಡ್ಕೊಂಡಿದೀವಿ” ಎಂದು ಒಂದು ಪಾಸು ಕೈಗಿಟ್ಟು ಕಳಿಸಿದರು.

ಆ ಭಾನುವಾರ ಸಂಜೆ ಐದೂವರೆಗೆ ಸಭಾಂಗಣ ತುಂಬಿತ್ತು. ಪಾಪ್ ಸಂಗೀತ ಎಂದು ಬಂದಿದ್ದ ಕಾಲೇಜು ಹುಡುಗರು ಕಕ್ಕಾಬಿಕ್ಕಿಯಾಗಿ ನೋಡುತ್ತಿದ್ದರು. ಮುಂದಿನ ಸಾಲುಗಳ ತುಂಬ ರೇಷ್ಮೆ ಸೀರೆ, ಮಲ್ಲಿಗೆ. ಮೂರನೇ ಸಾಲಿನಲ್ಲಿ ಅಂಬುಜಮ್ಮನವರು, ಪಕ್ಕದಲ್ಲಿ ಹೈಸ್ಕೂಲು ಓದುತ್ತಿದ್ದ ಧೃತಿ. ಸೊಣ್ಣಪ್ಪನವರಿಗೆ ಸಿಕ್ಕಿದ್ದು ಹದಿನಾಲ್ಕನೇ ಸಾಲು.

ಸಿಗ್ನೆ ಹಾಮ್ನೆಸ್ ಎತ್ತರದ ಆಳು, ಬೆಳ್ಳಗಾದ ಕೂದಲು, ಹಿಂದೆ ಡ್ರಮ್ಮಿಗೆ ಒಬ್ಬ ಹುಡುಗ. ಒಂದೆರಡು ಬೇರೆ ಹಾಡು ಹಾಡಿ, ಜನ ಕಾಯುತ್ತಿದ್ದುದನ್ನು ಎತ್ತಿಕೊಂಡರು. ಮೊದಲ ಸಾಲಿಗೇ ಇಡೀ ಸಭೆ ಜೊತೆಗೂಡಿತು. ಅಜ್ಜಿಯರು ಭಜನೆಯ ಹಾಗೆ ತಾಳ ಹಾಕುತ್ತ ನಾರ್ವೆಯ ಭಾಷೆಯಲ್ಲಿ ಹಾಡುತ್ತಿದ್ದರು. ಆಕೆಗೆ ನಂಬಲಾಗಲಿಲ್ಲ. ಹಾಡುತ್ತಲೇ ನಕ್ಕರು, ಒಂದು ಕೈಯಿಂದ ಕಣ್ಣೊರಸಿಕೊಂಡರು. ಸೊಣ್ಣಪ್ಪನವರು ಗಡಿಯಾರ ನೋಡುತ್ತಿದ್ದರು.

ಒಂದು ನಿಮಿಷ ಐವತ್ತು ಸೆಕೆಂಡಿಗೆ, ಸಾಲಿನ ನಡುವೆ, ಎಂಟುನೂರು ಜನ ಒಟ್ಟಿಗೆ ನಿಂತರು. ನಿಂತು, ಒಟ್ಟಿಗೆ ‘ಟಕ್’ ಎಂದರು. ಆಮೇಲೆ ಚಪ್ಪಾಳೆ.

ಆಕೆ ಇನ್ನೂ ಎರಡು ಪದ ಹಾಡಿದರು. ಚಪ್ಪಾಳೆಯಲ್ಲಿ ಅದು ಕೇಳಿಸಲೂ ಇಲ್ಲ. ಗಿಟಾರು ನಿಂತಿತು. ಮುಖದ ನಗು ಇಳಿದುಹೋಯಿತು. ಮನೋಹರ್ ಕಡೆಗೆ ತಿರುಗಿ ಏನೋ ಕೇಳಿದರು. ಅವರು ಮೈಕಿನಲ್ಲಿ ಕನ್ನಡದಲ್ಲಿ ಹೇಳಿದರು: “ಮೇಡಂ ಕೇಳ್ತಿದಾರೆ, ಮಿಕ್ಕಿದ್ದು ನಿಮಗೆ ಇಷ್ಟ ಇಲ್ವಾ ಅಂತ.”

ಸಭೆ ಮುಖ ಮುಖ ನೋಡಿಕೊಂಡಿತು. ಮಿಕ್ಕಿದ್ದು ಎಂದರೇನು ಎಂದು ಯಾರಿಗೂ ತಿಳಿಯಲಿಲ್ಲ. ಆಕೆ ತಲೆಬಾಗಿ ಗಿಟಾರಿನ ಪಟ್ಟಿ ಕಳಚತೊಡಗಿದರು.

ಸೊಣ್ಣಪ್ಪನವರು ಎದ್ದು ನಿಂತರು. “ಇಷ್ಟ ಇಲ್ದೆ ಅಲ್ಲಮ್ಮ. ಇವರಿಗೆ ಗೊತ್ತಿಲ್ಲ. ಮಿಕ್ಕಿದ್ದು ನಾನು ಹಾಕಿರ್ಲಿಲ್ಲ.”

“ರೀ ಯಜಮಾನ್ರೇ, ಕೂತ್ಕೊಳ್ಳಿ” ಎಂದರು ಮನೋಹರ್.

“ಕರೆಂಟ್ ಹೋಗ್ಬಿಡ್ತು ಸ್ವಾಮಿ.”

“ಕರೆಂಟ್ ಇದೆಯಲ್ರೀ?”

“ಈಗಲ್ಲ. ತೊಂಬತ್ತೊಂದ್ರಲ್ಲಿ.”

ಹಿಂದಿನ ಸಾಲಿನ ಹುಡುಗರು ಹೋ ಎಂದರು. ಸೊಣ್ಣಪ್ಪನವರು ಕೂರಲಿಲ್ಲ. ಬ್ಯಾಂಕಿನವರ ರೆಕಾರ್ಡಿನಿಂದ ಹಿಡಿದು ಮಂಡಳಿಯ ಕ್ಯಾಸೆಟ್ಟಿನ ಖಾಲಿ ಜಾಗದವರೆಗೆ ಎಲ್ಲವನ್ನೂ, ಕೈಕಟ್ಟಿ ನಿಂತು, ಕೆಲಸ ಒಪ್ಪಿಸುವವರ ಹಾಗೆ ಹೇಳಿದರು. ಮನೋಹರ್ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದರು. ಮೂರನೇ ಸಾಲಿನಲ್ಲಿ ಒಂದು ತಲೆ ಹಿಂದಕ್ಕೆ ತಿರುಗಿತು.

“ಸೊಣ್ಣಪ್ಪನವರೇ! ಅವರ ಕಡೆ ಹಾಗೇ ನಿಲ್ಸೋದು ಅಂದಿದ್ರಲ್ಲ?”

“ಸುಳ್ಳು ಹೇಳ್ದೆ ಅಮ್ಮ.”

“ಹನ್ನೆರಡು ವರ್ಷ!”

“ಹೌದಮ್ಮ.”

ವೇದಿಕೆಯ ಮೇಲೆ ಆಕೆ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು. ಭುಜ ಅಲುಗುತ್ತಿತ್ತು. ಅಳುತ್ತಿದ್ದಾರೆ ಎಂದು ಸಭೆ ಗಪ್‌ಚಿಪ್ಪಾಯಿತು. ಕೈ ತೆಗೆದಾಗ ನೋಡಿದರೆ ನಗು ತಡೆಯಲಾಗದೆ ಕಣ್ಣಲ್ಲಿ ನೀರು ಬಂದಿತ್ತು. ಗಿಟಾರಿನ ಪಟ್ಟಿ ಮತ್ತೆ ಹಾಕಿಕೊಂಡು ಹಾಡಿನ ಅರ್ಥ ಹೇಳಿದರು. ಒಬ್ಬ ಹುಡುಗಿಗೆ ದೋಣಿ ತಪ್ಪಿಹೋಗುತ್ತದೆ. ದಡದಲ್ಲಿ ನಿಂತು ಅಂಬಿಗನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಾಳೆ. ಅಲ್ಲಿಗೆ ನಿಮ್ಮ ಅರ್ಧ ಮುಗಿಯುತ್ತದೆ. ಉಳಿದ ಅರ್ಧದಲ್ಲಿ ಅವನಿಗೆ ಆ ಬೈಗುಳ ಕೇಳಿಸಿ, ನಕ್ಕು, ದೋಣಿ ತಿರುಗಿಸುತ್ತಾನೆ.

“ಅಯ್ಯೋ ನಿಮ್ಮ!” ಎಂದರು ಅಂಬುಜಮ್ಮನವರು, ಸೊಣ್ಣಪ್ಪನವರ ಕಡೆಗೇ ನೋಡುತ್ತ. “ಆ ಹುಡುಗೀನ ಹನ್ನೆರಡು ವರ್ಷ ದಡದಲ್ಲೇ ನಿಲ್ಲಿಸ್ಬಿಟ್ರಲ್ರೀ!”

ಸಭೆಯೆಲ್ಲ ನಕ್ಕಿತು. ಆಕೆ ಹಾಡನ್ನು ಮೊದಲಿನಿಂದ ಎತ್ತಿಕೊಂಡರು. ಎಲ್ಲರೂ ಜೊತೆಗೆ ಹಾಡಿದರು. ಆ ಜಾಗ ಬಂದಾಗ ಸುಮ್ಮನಾದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಆಕೆಯ ದನಿ ಒಂದೇ ಮುಂದೆ ಹೋಯಿತು. ಡ್ರಮ್ಮು ನಿಧಾನವಾಯಿತು, ಗದರಿಕೆ ಕರಗಿತು. ಸೊಣ್ಣಪ್ಪನವರು ನಿಂತೇ ಇದ್ದರು. ಆ ತುಂಡನ್ನು ಸಾವಿರಾರು ಸಲ ಕೇಳಿದ್ದರು. ಮುಂದಿನದನ್ನು ತಾವೇ ಎಷ್ಟೋ ಬಗೆಯಾಗಿ ಊಹಿಸಿಕೊಂಡಿದ್ದರು. ಅವರು ಊಹಿಸಿದ ಒಂದೂ ಹೀಗಿರಲಿಲ್ಲ.

ಮರುದಿನ ಬೆಳಗ್ಗೆ ಆಕೆಯನ್ನು ಕರೆದುಕೊಂಡು ಮನೋಹರ್ ಅಂಗಡಿಗೆ ಬಂದರು. ಅಂಬುಜಮ್ಮನವರು ಆಗಲೇ ಬಂದು ಸ್ಟೂಲಿನ ಮೇಲೆ ಕೂತಿದ್ದರು. ಊರಿಗೆ ಒಯ್ಯಲು ಮಂಡಳಿಯ ಕ್ಯಾಸೆಟ್ ಒಂದು ಬೇಕೆಂದು ಸಿಗ್ನೆ ಕೇಳಿದರು. ಜೊತೆಗೆ ಇನ್ನೊಂದು ಪ್ರಶ್ನೆ: ಜಾಗ ತುಂಬಲು ಯಾವುದಾದರೂ ಆಗುತ್ತಿತ್ತಲ್ಲ, ಹಾಗಾದರೆ ಈ ಜನ ಇಷ್ಟಪಟ್ಟಿದ್ದು ನನ್ನನ್ನೇ ಅಲ್ಲವೇನೋ?

ಅಂಬುಜಮ್ಮನವರು ಮನೋಹರ್‌ಗೆ ಹೇಳಿದರು: “ಜಾಗ ಇತ್ತು ಅಂತ ಬಂದ್ಲು, ನಿಜ. ಇವರ ನಾಗಸ್ವರ, ಕೊಳಲು ಎಲ್ಲಾನೂ ಹಾಗೇ ಬಂದಿತ್ತು ನಮ್ಮನೆಗೆ, ಬೇರೆ ಕ್ಯಾಸೆಟ್ಟಲ್ಲಿ. ಅದಕ್ಕೆ ನಮ್ಮ ಮಗು ತುತ್ತಿಗೆ ಬಾಯಿ ತೆರೀಲಿಲ್ಲ. ಹೇಳಪ್ಪ ಅವರಿಗೆ.”

ಮನೋಹರ್ ಹೇಳಿದರು. ಆಕೆ ಅಂಬುಜಮ್ಮನವರ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆಮೇಲೆ, ಮನೆಮನೆಯಲ್ಲಿ ಇರುವ ಹಾಗೆಯೇ ಕೊಡಿ, ಅರ್ಧವೇ ಇರಲಿ ಎಂದರು.

“ಇಲ್ಲ ಮೇಡಂ. ಆ ತಪ್ಪು ಇನ್ನೊಂದ್ಸಲ ಮಾಡಲ್ಲ” ಎಂದರು ಸೊಣ್ಣಪ್ಪನವರು. ಆಕೆ ತಂದಿದ್ದ ಸೀಡಿಯಲ್ಲಿ ಹಾಡು ಮೂರು ನಿಮಿಷ ನಲವತ್ತು ಸೆಕೆಂಡು ಇತ್ತು. ಇದ್ದ ಜಾಗ ಅದರ ಅರ್ಧ. ತೊಂಬತ್ತು ನಿಮಿಷದ ಕ್ಯಾಸೆಟ್ ಹಾಕಿದರೆ ಕೊನೆಯಲ್ಲಿ ಮತ್ತೆ ಹದಿಮೂರು ನಿಮಿಷ ಖಾಲಿ ಬೀಳುತ್ತದೆ. ಅವರು ಪೆನ್ಸಿಲು ಹಿಡಿದು ಕೂಡಿ ಕಳೆದು ಒದ್ದಾಡುವುದನ್ನು ಅಂಬುಜಮ್ಮನವರು ಸ್ವಲ್ಪ ಹೊತ್ತು ನೋಡಿದರು.

“ಈ ಮಗ್ಗುಲಲ್ಲಿ ಐದನೇ ಹಾಡು ತೆಗೀರಿ. ಎರಡು ನಿಮಿಷ ಇದೆ ಅದು.”

“ಅಮ್ಮಾ, ಅದರಲ್ಲಿ ನೀವೊಬ್ರೇ ಹಾಡಿರೋದು.”

“ಅದಕ್ಕೇ ಹೇಳ್ತಿರೋದು. ಬೇರೆಯವರದಾಗಿದ್ರೆ ಅವರನ್ನ ಕೇಳ್ಬೇಕಾಗ್ತಿತ್ತು.”