ಜೀನತ್ ಮನೆಯ ಬಾವಿ

ಕಮಲಾಪುರದ ಜೀನತ್ ಮನೆಯ ಬಾವಿ ಯಾವ ಬೇಸಿಗೆಯಲ್ಲೂ ಬತ್ತಿರಲಿಲ್ಲ. ಗಂಡ ಜಹಾಂಗೀರ್ ತಳ್ಳುಗಾಡಿಯಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ. ಓಣಿಯವರೆಲ್ಲ ನೀರಿಗೆ ಬರುತ್ತಿದ್ದರು, ಜೀನತ್ ಯಾರಿಗೂ ಇಲ್ಲವೆಂದವಳಲ್ಲ.

ಒಂದು ವರ್ಷ ಆ ನೀರಿಗೆ ಪೆಟ್ರೋಲ್ ವಾಸನೆ ಹತ್ತಿತು. ರಸ್ತೆಯ ಬಂಕಿನ ನೆಲದಡಿಯ ಟ್ಯಾಂಕು ಸೋರಿತ್ತು. ಬಂಕಿನವರು ಟ್ಯಾಂಕು ಬದಲಿಸಿ, "ಉಳದದ್ದು ಮಣ್ಣೇ ತಿಂತದ್ರೀ, ತಾನೇ ಹೋಗ್ತದ" ಎಂದರು. ಮಳೆಗಾಲ ಮುಗಿಯುವಷ್ಟರಲ್ಲಿ ವಾಸನೆ ನಿಜಕ್ಕೂ ಹೋಯಿತು. ಜೀನತ್ ಮೊದಲು ತಾನು ಕುಡಿದು ನೋಡಿದಳು. ಆಮೇಲೆ ಪಕ್ಕದ ಮನೆಯ ಅಂಬಮ್ಮನನ್ನು ಕೂಗಿ, "ಸಾಫ್ ಆಗ್ಯಾದ, ತುಂಬಕೋ ಬಾ" ಎಂದಳು.

ಮರುವರ್ಷ ಜಹಾಂಗೀರನ ಮೈಮೇಲೆ ಪೆಟ್ಟು ಬೀಳದೆಯೇ ಕಂದುಗಲೆಗಳು ಎದ್ದವು. ಕಲಬುರಗಿಯ ಸೇಡಂ ರಸ್ತೆಯ ಆಸ್ಪತ್ರೆಯಲ್ಲಿ ರಕ್ತದ ಕ್ಯಾನ್ಸರ್ ಎಂದರು. ಆ ದಿನಗಳಲ್ಲೇ ಅಂತರ್ಜಲದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಪಂಚಶೀಲಾ ಎಂಬ ಹುಡುಗಿ ಬಂಕಿನ ಹತ್ತಿರದಿಂದಲೂ ಬಾವಿಯಿಂದಲೂ ಪರೀಕ್ಷೆಗೆ ನೀರು ಒಯ್ದಿದ್ದಳು. ಫಲಿತಾಂಶ ಬಂದಾಗ ಹೇಳಲು ತಾನೇ ಬಂದಳು.

"ಚಾಚಿ, ಪೆಟ್ರೋಲಿನಾಗ ಕಾರ್ಬನ್ ಎರಡು ಥರ ಇರ್ತದ. ಹಗುರಂದು, ತುಸು ಭಾರದ್ದು. ಮಣ್ಣಾಗಿನ ಸೂಕ್ಷ್ಮಜೀವಿಗಳು ಹಗುರಂದೇ ಮೊದಲು ತಿಂತಾವ. ತಿಂದಿದ್ರ ನಿಮ್ಮ ಬಾವ್ಯಾಗ ಉಳದದ್ದರಾಗ ಭಾರದ್ದರ ಪಾಲು ಹೆಚ್ಚಾಗಬೇಕಿತ್ತು."

"ಆಗಿಲ್ಲೇನು?"

"ಇಲ್ರೀ. ಬಂಕಿನ ಬುಡದಾಗ ಆ ಪಾಲು ಹೆಂಗದನೋ ಇಲ್ಲೂ ಹಂಗೇ ಅದ. ಅಂದ್ರ ಮಣ್ಣು ತಿಂದೇ ಇಲ್ಲ. ಮಳಿನೀರು ಕೂಡಿ ತೆಳ್ಳಗಾಗ್ಯಾದ, ಅಷ್ಟೇ. ವಾಸನಿ ಹೋಗ್ಯಾದ, ವಿಷ ಹೋಗಿಲ್ಲ. ಇನ್ನ ಕುಡಿಬ್ಯಾಡ್ರಿ."

"ನಮ್ಮವರಿಗೆ ಇದರಿಂದೇ ಬಂತೇನವ್ವಾ?"

"ಅದು ಈ ಪರೀಕ್ಷಾದಾಗ ಗೊತ್ತಾಗಂಗಿಲ್ರೀ ಚಾಚಿ." ಪಂಚಶೀಲಾ ತಲೆ ತಗ್ಗಿಸಿದಳು.

ಅಂದೇ ಸಂಜೆ ಜೀನತ್ ಮನೆಮನೆಗೆ ಹೋಗಿ ಹೇಳಿದಳು. ತಪ್ಪು ನಮ್ಮ ಮೇಲೇ ಬರುತ್ತದೆ, ಹೇಳುವುದು ಬೇಡವೆಂದು ಜಹಾಂಗೀರ್ ಮಲಗಿದಲ್ಲಿಂದಲೇ ತಡೆದಿದ್ದ, ಅವಳು ಕೇಳಲಿಲ್ಲ. ಅಂಬಮ್ಮನ ಸೊಸೆ ತುಂಬು ಬಸುರಿ.

"ನೀನೇ ಕರದು ಕುಡಿಸಿದೆಲ್ಲಾ ಜೀನತಕ್ಕ," ಎಂದಳು ಅಂಬಮ್ಮ. "ಈಗ ಬಂದು ಹೇಳ್ತಿ."

ಅಂಬಮ್ಮ ಬಾಗಿಲು ಹಾಕಿಕೊಂಡಳು. ಜೀನತ್ ಮುಂದಿನ ಮನೆಯ ಕದ ತಟ್ಟಿದಳು.

ಬಾವಿಯ ಮೇಲೆ ಷಹಾಬಾದಿ ಕಲ್ಲು ಮುಚ್ಚಿಸಿದರು. ಚಳಿಗಾಲದಲ್ಲಿ ಜಹಾಂಗೀರ್ ತೀರಿಕೊಂಡ. ಮಯ್ಯತ್, ಅಂದರೆ ಹೆಣ, ತೊಳೆಯಲು ಟ್ಯಾಂಕರಿನ ನೀರು ತರಿಸಬೇಕಾಯಿತು. ಅಂಬಮ್ಮನ ಮಗ ಮಣ್ಣು ಕೊಡಲು ಬಂದ, ಅಂಬಮ್ಮ ಬರಲಿಲ್ಲ. ಕೂಸು ಚೆನ್ನಾಗಿ ಹುಟ್ಟಿತೆಂದು ಜೀನತ್‌ಗೆ ಬೇರೆಯವರಿಂದ ತಿಳಿಯಿತು.

ಈಗ ಅವಳು ಕಲಬುರಗಿಯ ಸ್ಟೇಶನ್ ಬಜಾರದ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಾಳೆ. ಕಮಲಾಪುರದ ಮನೆ ಕೊಳ್ಳಲು ಯಾರೂ ಮುಂದೆ ಬಂದಿಲ್ಲ.