ಕೆಂಪು ಬಟ್ಟೆಯೊಳಗಿನ ಕತ್ತಿ

ಆ ಕತ್ತಿ ಯಾವ ಬಿಳಿಯನದೂ ಅಲ್ಲ. ನನ್ನ ಗಂಡನ ಅಣ್ಣ ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿಸಿ ಮಾಡಿಸಿದ್ದು. ಅದನ್ನು ನಂಬಿ ನನ್ನ ಗಂಡ ಬಾವಿ ಹೊಲ ಬಿಟ್ಟುಕೊಟ್ಟ. ಆದದ್ದು ಇಷ್ಟೇ.

ನಮ್ಮ ಮಾವ ಒಂದು ಕತೆ ಹೇಳುತ್ತಿದ್ದರು. ಹಡಗಿನಲ್ಲಿ ಲೋಕ ಸುತ್ತಿ ಹೊಸ ದೇಶ ಕಂಡುಹಿಡಿದ ಹೆಸರುವಾಸಿ ಬಿಳಿಯನೊಬ್ಬ ಹೊನ್ನಾಳಿಗೆ ಬಂದಿದ್ದನಂತೆ. ಹೊಳೆ ತುಂಬಿತ್ತಂತೆ. ನಮ್ಮ ಮನೆಯ ಹಿರಿಯನೊಬ್ಬ ಹರಿಗೋಲಿನಲ್ಲಿ ದಾಟಿಸಿದ್ದಕ್ಕೆ ಸೊಂಟದ ಕತ್ತಿಯನ್ನೇ ಬಿಚ್ಚಿ ಕೊಟ್ಟನಂತೆ. ಮನೆಯಲ್ಲಿ ಕತೆ ಇತ್ತು, ಕತ್ತಿ ಇರಲಿಲ್ಲ. ಎಪ್ಪತ್ತರ ದಶಕದಲ್ಲಿ ಅಣ್ಣ ತಮ್ಮ ಪಾಲಾಗುವ ಹೊತ್ತಿಗೆ ಸರಿಯಾಗಿ, ಅಟ್ಟದಲ್ಲಿ ಸಿಕ್ಕಿತು ಎಂದು ಭಾವ ಒಂದು ಕತ್ತಿ ತಂದಿಟ್ಟರು.

"ಕತ್ತಿ ಬೇಕಾದೋನು ಬಾವಿ ಹೊಲ ಕೇಳಂಗಿಲ್ಲ" ಎಂದರು.

ನನ್ನ ಗಂಡ ಕತ್ತಿ ಹಿಡಿದುಕೊಂಡ. ನಮ್ಮೂರು ಗೋವಿನಕೋವಿಯಲ್ಲಿ ನಮಗೆ ಉಳಿದದ್ದು ಕಲ್ಲು ಹೊಲ.

ಆಮೇಲೆ ಅದರ ಶಾಸ್ತ್ರ ಶುರುವಾಯಿತು. ಹೆಂಗಸರು ಮುಟ್ಟಬಾರದು. ಆಯುಧಪೂಜೆಗೆ ನ್ಯಾಮತಿಯಿಂದ ಕೆಂಪು ಬಟ್ಟೆ ತಂದು ಹಿಡಿಗೆ ಸುತ್ತಬೇಕು, ಹಳೆಯದನ್ನು ಬಿಚ್ಚಬಾರದು. ಬಟ್ಟೆಯ ಮೇಲೆ ಬಟ್ಟೆ ಬಿದ್ದು ಹಿಡಿ ಒನಕೆಯಷ್ಟಾಯಿತು.

ಎಂಬತ್ತರ ದಶಕದ ಒಂದು ಆಯುಧಪೂಜೆಗೆ ಚನ್ನಗಿರಿಯಿಂದ ಗಂಡನ ಸ್ನೇಹಿತರೊಬ್ಬರು ಬಂದರು, ಮೇಷ್ಟ್ರು. ಕತೆ ಪೂರಾ ಕೇಳಿ ತಲೆ ಕೆರೆದುಕೊಂಡರು.

"ಆ ಬಿಳಿಯ ಈ ಕಡೀಗೆ ಕಾಲೇ ಇಟ್ಟಿಲ್ಲ ಕಣ್ರೀ. ಸಮುದ್ರದ ದಂಡೇಲೇ ತಿರುಗಿ ಹೋದೋನು."

"ಹಂಗಾರೆ ನಮ್ಮಪ್ಪ ಸುಳ್ಳು ಹೇಳಿದ್ನಾ?" ಗಂಡನಿಗೆ ಸಿಟ್ಟು ಬಂತು.

"ಹಂಗಲ್ರೀ. ಹಿಡಿ ಬಿಚ್ಚಿ ನೋಡಾನ. ಮಾಡಿದೋರ ಗುರುತು ಏನಾರ ಐತೇನೋ."

"ಬಟ್ಟೆ ಬಿಚ್ಚಿದ್ರೆ ಮನೆ ಉಳಿಯಾಕಿಲ್ಲ!"

"ಹೊಲಾನೇ ಹೋತು, ಇನ್ನು ಮನೆ ಕಟ್ಕಂಡು ಏನ್ ಮಾಡ್ತೀರಿ?" ಎಂದು ನಾನೇ ಕತ್ತಿ ಎಳೆದುಕೊಂಡೆ. ಇಬ್ಬರೂ ಬಾಯಿ ಬಿಟ್ಟುಕೊಂಡು ನಿಂತರು. ಸುತ್ತು ಸುತ್ತಾಗಿ ಬಿಚ್ಚುತ್ತಾ ಹೋದೆ. ಕೊನೆಗೆ ಬರೀ ಕಬ್ಬಿಣ, ಅದರಲ್ಲೊಂದು ದುಂಡನೆ ತೂತು.

ಬಿಳಿಚೋಡಿನಲ್ಲಿ ನನ್ನ ತವರು ಮನೆಯ ಮಗ್ಗುಲಲ್ಲೇ ಕಮ್ಮಾರನ ಕುಲುಮೆ. ಲಾರಿ ಪಟ್ಟಿಯಲ್ಲಿ ಮಚ್ಚು ಬಡಿಯುವುದನ್ನು ನೋಡಿಕೊಂಡೇ ಬೆಳೆದವಳು ನಾನು. ಪಟ್ಟಿಯ ನಡುವೆ ಬೋಲ್ಟು ಕೂರುವ ತೂತು ಇದೇ.

"ನಿಮ್ಮ ಬಿಳಿಯ ಲಾರಿ ಹತ್ಕಂಡು ಬಂದಿದ್ನೇನ್ರೀ?" ಎಂದೆ.

ಕತ್ತಿ ಹಿಡಿದು ಪಕ್ಕದ ಮನೆಗೆ ಹೋದೆವು. ಭಾವ ಅಡಿಕೆ ಜಗಿಯುತ್ತಾ ಕೂತಿದ್ದರು. ಬಿಚ್ಚಿದ ಹಿಡಿ ನೋಡಿದರು. ಮುಖದಲ್ಲಿ ಒಂದಿಷ್ಟೂ ನಾಚಿಕೆಯಿಲ್ಲ.

"ಕತೆ ಖರೇನೇ ಐತೆ. ಕತ್ತಿ ಇರ್ಲಿಲ್ಲ, ಮಾಡಿಸ್ದೆ."

"ಎಲ್ಲಿ?"

"ನಿನ್ನ ತವರಾಗೇ ಕಣವ್ವಾ. ಬಾಣಂತನ ಮುಗಿದ್ಮ್ಯಾಲೆ ನಿನ್ನ ಕರಕಂಬರಾಕೆ ನಾನೇ ಬಂದಿದ್ನಲ್ಲ, ಆವಾಗ. ವೀರಗಾಸೆಗೆ ಬೇಕು ಅಂದೆ, ಕಮ್ಮಾರ ಬಡಿದು ಕೊಟ್ಟ."

ಆ ದಿನ ನೆನಪಾಯಿತು. ಬಿಳಿಚೋಡಿನಲ್ಲಿ ಬಸ್ಸು ಹತ್ತಿದ್ದೆವು. ಕೂಸು ತೊಡೆಯ ಮೇಲೆ, ಕಾಲ ಬುಡದಲ್ಲಿ ಒಂದು ಗೋಣಿಗಂಟು. ಏನದು ಎಂದು ಕೇಳಿದ್ದಕ್ಕೆ ಕುಡಗೋಲು ಎಂದಿದ್ದರು. ದಾರಿಯುದ್ದಕ್ಕೂ ಅದರ ಮೇಲೆ ಕಾಲಿಟ್ಟುಕೊಂಡು ಬಂದೆ. ನನ್ನ ಹೊಲ ತಿನ್ನುವ ಕತ್ತಿಯನ್ನು ನಾನೇ ಜೊತೆಯಲ್ಲಿ ತಂದೆ. ಆ ಕತ್ತಿಗೇ ಇಷ್ಟು ವರ್ಷ ದೂರ ನಿಂತು ಕೈ ಮುಗಿದೆ!

"ಅಣ್ಣಾ" ಎಂದ ನನ್ನ ಗಂಡ.

"ಪಾಲು ಮುಗಿದೈತೆ, ಹೋಗ್ರಿ" ಎಂದರು ಭಾವ.

ಮಾರನೇ ದಿನ ಬೆಳಿಗ್ಗೆ ಎಮ್ಮೆ ಹೊಡೆದುಕೊಂಡು ಬಾವಿ ಹೊಲಕ್ಕೆ ಹೋದೆ. ಬಾವಿ ಪಕ್ಕದಲ್ಲಿ ಗೂಟ ಹೊಡೆದು ಅದನ್ನು ಕಟ್ಟಿದೆ. ಆ ಕತ್ತಿಯಿಂದಲೇ ಬದುವಿನ ಹುಲ್ಲು ಸವರಿ ಅದರ ಮುಂದೆ ಹಾಕಿದೆ. ದೂರದಲ್ಲಿ ಭಾವ ಬರುವುದು ಕಾಣಿಸಿತು. ನಾನು ಬಾವಿಗೆ ಕೊಡ ಬಿಟ್ಟೆ.